ಸ್ಯಾನ್ ಬ್ರೂನೊ ಸ್ಫೋಟ: ವಿಮಾನವೋ, ಚರಂಡಿ ಕೆಲಸವೋ, ಬೆಸುಗೆಯೋ?

ಪ್ರಶ್ನೆ: 2010ರ ಸೆಪ್ಟೆಂಬರ್ 9ರ ಸಂಜೆ ಸ್ಯಾನ್ ಫ್ರಾನ್ಸಿಸ್ಕೊ ಪಕ್ಕದ ಸ್ಯಾನ್ ಬ್ರೂನೊ ಊರಿನ ಒಂದು ಬಡಾವಣೆ ಹೊತ್ತಿ ಉರಿದು ಎಂಟು ಮಂದಿ ಸತ್ತರು. ನಾವು ಆಗಷ್ಟೇ ಇಲ್ಲಿಗೆ ಬಂದಿದ್ದೆವು. ಮೊದಲು ವಿಮಾನ ಬಿತ್ತೆಂದರು, ಆಮೇಲೆ ಭೂಕಂಪವೆಂದರು, ಕೊನೆಗೆ ಗ್ಯಾಸ್ ಪೈಪು ಎಂದಾಯಿತು. ಅದರಲ್ಲಿಯೂ ಒಮ್ಮತವಿಲ್ಲ: ಎರಡು ವರ್ಷ ಹಿಂದೆ ನಡೆದಿದ್ದ ಒಳಚರಂಡಿ ಕೆಲಸದಿಂದ ಪೈಪಿಗೆ ಪೆಟ್ಟಾಗಿತ್ತೆಂದು ನನ್ನ ಭಾವನವರು, ಅಂದು ಒತ್ತಡ ಏರಿದ್ದೇ ಕಾರಣವೆಂದು ನಾನು. ನಮ್ಮಿಬ್ಬರಲ್ಲಿ ಯಾರದು ಸರಿ? (ಫ್ರೀಮಾಂಟ್, ಕ್ಯಾಲಿಫೋರ್ನಿಯಾದಿಂದ ಒಬ್ಬ ಓದುಗರು)

ಉತ್ತರ: ನಿಮ್ಮ ಭಾವನವರ ಮಾತು ತಪ್ಪು, ನಿಮ್ಮದು ಅರ್ಧ ಸರಿ. ಸ್ಫೋಟದ ಕಾರಣ ಎಂಬ ಒಂದೇ ಹೆಸರಿನಡಿ ನಾವು ನಾಲ್ಕು ಪ್ರಶ್ನೆಗಳನ್ನು ಒಟ್ಟಿಗೆ ಕಟ್ಟಿಬಿಡುತ್ತೇವೆ: ಒಡೆದದ್ದು ಯಾವುದು, ಹೊತ್ತಿಸಿದ್ದು ಯಾವುದು, ಅದೇ ದಿನ ಒಡೆದದ್ದೇಕೆ, ಒಡೆಯುವಂಥ ವಸ್ತು ಅಷ್ಟು ಕಾಲ ನೆಲದಡಿ ಉಳಿದದ್ದು ಹೇಗೆ. ಒಬ್ಬರು ಮೂರನೆಯದಕ್ಕೂ ಇನ್ನೊಬ್ಬರು ಮೊದಲನೆಯದಕ್ಕೂ ಉತ್ತರ ಹೇಳುತ್ತಿದ್ದರೆ ವಾದ ಹದಿನೈದು ವರ್ಷವಾದರೂ ಮುಗಿಯುವುದಿಲ್ಲ.

ವಿಮಾನದ ಸುದ್ದಿ ಹುಟ್ಟಿದ್ದರಲ್ಲಿ ಆಶ್ಚರ್ಯವೇನಿಲ್ಲ. ಬಡಾವಣೆಯಿಂದ ಎರಡು ಮೂರು ಮೈಲಿ ದೂರದಲ್ಲೇ ವಿಮಾನ ನಿಲ್ದಾಣವಿದೆ, ಮತ್ತು ಅಷ್ಟು ದೊಡ್ಡ ಕೊಳವೆಯಿಂದ ನುಗ್ಗಿ ಉರಿಯುವ ಅನಿಲದ ಮೊರೆತ ಜೆಟ್ ಎಂಜಿನ್ನಿನಂತೆಯೇ ಕೇಳಿಸುತ್ತದೆ. ಮೊದಲು ಓಡಿಬಂದ ಅಗ್ನಿಶಾಮಕ ದಳದವರೂ ಹಾಗೆಯೇ ಭಾವಿಸಿದ್ದರು. ಭೂಕಂಪದ ಮಾತಿಗೂ ಎಳೆಯೊಂದು ಇತ್ತು. ಸ್ಯಾನ್ ಆಂಡ್ರಿಯಾಸ್ ಬಿರುಕು ಅಲ್ಲೇ ಹತ್ತಿರದಲ್ಲಿ ಹಾದುಹೋಗುತ್ತದೆ, ಭೂಕಂಪ ಮಾಪಕಗಳು ಅಂದು 1.1ರಷ್ಟು ತೀವ್ರತೆಯ ಅದುರನ್ನು ದಾಖಲಿಸಿಯೂ ಇದ್ದವು. ಆದರೆ ಆ ಅದುರು ಸ್ಫೋಟದಿಂದ ಆದದ್ದೇ ಹೊರತು ಸ್ಫೋಟಕ್ಕೆ ಕಾರಣವಾದದ್ದಲ್ಲ.

ಸ್ಥಳದಲ್ಲಿ ಉಳಿದ ಕುರುಹು ಬಹಳ ಸ್ಪಷ್ಟವಾಗಿತ್ತು. ಗ್ಲೆನ್‌ವ್ಯೂ ಡ್ರೈವ್ ಮತ್ತು ಅರ್ಲ್ ಅವೆನ್ಯೂ ಕೂಡುವಲ್ಲಿ 72 ಅಡಿ ಉದ್ದ, 26 ಅಡಿ ಅಗಲದ ಗುಂಡಿ. ಅಲ್ಲಿಂದ ನೂರು ಅಡಿ ಆಚೆ ರಸ್ತೆಯಲ್ಲಿ 28 ಅಡಿ ಉದ್ದದ, ಸುಮಾರು 3000 ಪೌಂಡ್ ತೂಕದ ಕೊಳವೆಯ ತುಂಡು. ಮನೆಯೊಳಗೆ ಅನಿಲ ತುಂಬಿ ಸಿಡಿದರೆ ಗೋಡೆಗಳು ಹೊರಕ್ಕೆ ತಳ್ಳಲ್ಪಡುತ್ತವೆ, ಚಾವಣಿ ಏಳುತ್ತದೆ, ನೆಲದಲ್ಲಿ ಇಂಥ ಗುಂಡಿ ಬೀಳುವುದಿಲ್ಲ. ಇಲ್ಲಿ ಮೊದಲು ನಡೆದದ್ದು ಬೆಂಕಿಯ ಕೆಲಸವೇ ಅಲ್ಲ. ಒತ್ತಡ ತುಂಬಿದ ಕೊಳವೆ ಬಿರಿದು ಮಣ್ಣನ್ನೂ ತನ್ನದೇ ತುಂಡನ್ನೂ ಎಸೆಯಿತು, ಬೆಂಕಿ ಅದರ ಬೆನ್ನಿಗೆ ಬಂತು.

ಒಡೆದದ್ದು ಅಲ್ಲಿ ಅನಿಲ, ವಿದ್ಯುತ್ ಪೂರೈಸುವ ಪಿಜಿ ಅಂಡ್ ಇ ಕಂಪನಿಯ 132ನೆಯ ಸಂಖ್ಯೆಯ ಪ್ರಸರಣ ಕೊಳವೆ, 30 ಇಂಚು ವ್ಯಾಸದ್ದು. ಒಡೆದ ಕ್ಷಣದಲ್ಲಿ ಒಳಗಿನ ಒತ್ತಡ ಚದರ ಇಂಚಿಗೆ ಸುಮಾರು 386 ಪೌಂಡ್. ಅಡುಗೆಮನೆಯ ಕುಕ್ಕರ್ ಸೀಟಿ ಹೊಡೆಯುವುದು 15 ಪೌಂಡಿನ ಹತ್ತಿರ. ಅದರ ಇಪ್ಪತ್ತೈದು ಪಟ್ಟು ಎಂದುಕೊಳ್ಳಿ. ಕೇಳಲು ಭಯವಾಗುತ್ತದೆ, ನಿಮ್ಮ ವಾದ ನಿಂತಿರುವುದೂ ಇದರ ಮೇಲೆಯೇ. ಆದರೆ ಲೆಕ್ಕ ಹಾಕಿ ನೋಡಿ. ಆ ಕೊಳವೆಯ ಗೋಡೆಯ ದಪ್ಪ 0.375 ಇಂಚು. ಒತ್ತಡವನ್ನು ವ್ಯಾಸದಿಂದ ಗುಣಿಸಿ, ದಪ್ಪದ ಎರಡರಷ್ಟರಿಂದ ಭಾಗಿಸಿದರೆ ಗೋಡೆಯ ಉಕ್ಕಿನ ಮೇಲೆ ಬೀಳುವ ಎಳೆತ ಚದರ ಇಂಚಿಗೆ ಸುಮಾರು 15,400 ಪೌಂಡ್ ಆಗುತ್ತದೆ. ಕಂಪನಿಯ ದಾಖಲೆ ಹೇಳುತ್ತಿದ್ದ ಉಕ್ಕು 42,000 ಪೌಂಡಿನವರೆಗೆ ಬಾಗದೆ ತಾಳಬೇಕಾದದ್ದು. ಸರಿಯಾದ ಕೊಳವೆಗೆ ಅಂದಿನ ಒತ್ತಡ ಅರ್ಧ ಹೊರೆಯೂ ಅಲ್ಲ, ಅನುಮತಿ ಇದ್ದ ಗರಿಷ್ಠ ಮಿತಿಯಾದ 400 ಪೌಂಡನ್ನೂ ಅದು ಮುಟ್ಟಿರಲಿಲ್ಲ.

ಹಾಗಾದರೆ ಒಡೆದದ್ದೇಕೆ? ದೊಡ್ಡ ಕೊಳವೆಯನ್ನು ಉಕ್ಕಿನ ತಗಡು ಸುತ್ತಿ, ಅಂಚಿಗೆ ಅಂಚು ಕೂಡಿಸಿ, ಉದ್ದಕ್ಕೂ ಬೆಸೆದು ಮಾಡುತ್ತಾರೆ. ಬೆಸುಗೆ ಒಳಗಿನಿಂದಲೂ ಹೊರಗಿನಿಂದಲೂ ಬಿದ್ದು ನಡುವೆ ಕೂಡಿಕೊಳ್ಳಬೇಕು. 1956ರಲ್ಲಿ ಅಲ್ಲಿ ಹೂತ ಭಾಗದಲ್ಲಿ ಐದಡಿಯೂ ಇಲ್ಲದ ಗಿಡ್ಡ ತುಂಡುಗಳನ್ನು ಒಂದಕ್ಕೊಂದು ಸೇರಿಸಿದ್ದರು, ಅವುಗಳಲ್ಲಿ ಕೆಲವಕ್ಕೆ ಒಳಗಿನ ಬೆಸುಗೆಯೇ ಇರಲಿಲ್ಲ. ಹೊರಗಿನಿಂದ ನೋಡಿದರೆ ಅಂಚುಗಳು ಕೂಡಿವೆ. ಒಳಗಿನಿಂದ ನೋಡಿದರೆ ಗೋಡೆಯ ಅರ್ಧ ದಪ್ಪದವರೆಗೆ ಬಾಯಿ ತೆರೆದ ಸೀಳು. ಒತ್ತಡದ ಕೊಳವೆಯಲ್ಲಿ ಉದ್ದದ ಬೆಸುಗೆಯ ಮೇಲೆ ಬೀಳುವ ಎಳೆತ ಅಡ್ಡ ಬೆಸುಗೆಯ ಮೇಲಿನದಕ್ಕಿಂತ ಎರಡು ಪಟ್ಟು, ಹೀಗಾಗಿ ದೋಷ ಇರಬಾರದ ಜಾಗದಲ್ಲೇ ದೋಷವಿತ್ತು. ಅಲ್ಲಿಂದ ಬಿರುಕು ವರ್ಷದಿಂದ ವರ್ಷಕ್ಕೆ, ಒತ್ತಡದ ಏರಿಳಿತದ ಜೊತೆ, ಕೂದಲೆಳೆಯಷ್ಟು ಬೆಳೆಯುತ್ತ ಬಂತು.

ಈಗ ನಿಮ್ಮ ಅರ್ಧ ಸತ್ಯಕ್ಕೆ ಬರುತ್ತೇನೆ. ನಿಮ್ಮೂರಿನ ಪಕ್ಕದ ಮಿಲ್ಪಿಟಾಸ್‌ನಲ್ಲಿ ಈ ಕೊಳವೆಯ ನಿಯಂತ್ರಣ ಕೇಂದ್ರವಿದೆ. ಅಂದು ಮಧ್ಯಾಹ್ನ ಅಲ್ಲಿ ವಿದ್ಯುತ್ ಪೂರೈಕೆಯ ಉಪಕರಣವನ್ನು ಬದಲಿಸುತ್ತಿದ್ದಾಗ ನಿಯಂತ್ರಕಗಳಿಗೆ ಹೋಗುವ ಸಂಕೇತ ಕೆಟ್ಟು, ವಾಲ್ವುಗಳು ತಾವಾಗಿಯೇ ಪೂರ್ತಿ ತೆರೆದುಕೊಂಡವು. ಸುಮಾರು ಮುಕ್ಕಾಲು ಗಂಟೆ ಒತ್ತಡ ಏರುತ್ತಲೇ ಹೋಯಿತು, ಸಂಜೆ 6 ಗಂಟೆ 11 ನಿಮಿಷಕ್ಕೆ ಕೊಳವೆ ಬಿರಿಯಿತು. ಅದೇ ದಿನ ಏಕೆ ಎಂದು ಕೇಳಿದರೆ ಇದು ಉತ್ತರ, ಏಕೆ ಎಂದಷ್ಟೇ ಕೇಳಿದರೆ ಅಲ್ಲ. ಕಂಪನಿ 2003ರಲ್ಲಿಯೂ 2008ರಲ್ಲಿಯೂ ಬೇಕೆಂದೇ ಒತ್ತಡವನ್ನು ಹೆಚ್ಚುಕಡಿಮೆ ಇದೇ ಮಟ್ಟಕ್ಕೆ ಏರಿಸಿತ್ತು. ಆಗ ಉಳಿದಿದ್ದ ಲೋಹ ತಾಳಿತ್ತು, 2010ರಲ್ಲಿ ತಾಳಲಿಲ್ಲ.

ನಿಮ್ಮ ಭಾವನವರ ಒಳಚರಂಡಿ ವಾದವನ್ನು ತಜ್ಞರು ಹಗುರವಾಗಿ ತಳ್ಳಿಹಾಕಲಿಲ್ಲ ಎಂಬುದನ್ನು ಅವರಿಗೆ ಹೇಳಿ. 2008ರ ಕೆಲಸದಲ್ಲಿ ಹಳೆಯ ಪೈಪಿನೊಳಗಿಂದ ಶಂಕುವಿನಾಕಾರದ ತಲೆಯೊಂದನ್ನು ಎಳೆದು, ಅದನ್ನು ಒಡೆದು, ಬೆನ್ನಿಗೇ ದೊಡ್ಡ ಪೈಪನ್ನು ತೂರಿಸುವ ವಿಧಾನ ಬಳಸಿದ್ದರು, ಸುತ್ತಲಿನ ಮಣ್ಣು ಇದರಿಂದ ಒತ್ತರಿಸಲ್ಪಡುವುದು ನಿಜ. ಈ ದುರಂತದ ತನಿಖೆ ನಡೆಸಿದ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಇದನ್ನು ಪ್ರತ್ಯೇಕವಾಗಿ ಪರಿಶೀಲಿಸಿ, ಆ ಕೆಲಸದಿಂದ ಕೊಳವೆಗೆ ಹಾನಿಯಾಗಿರಲಿಲ್ಲವೆಂದು ತೀರ್ಮಾನಿಸಿತು. ತುಕ್ಕನ್ನೂ ಭೂಕಂಪವನ್ನೂ ಹಾಗೆಯೇ ಕೈಬಿಟ್ಟಿತು. ಅಗೆತದ ಪೆಟ್ಟು ಹೊರಮೈಯಲ್ಲಿ ನೆಗ್ಗು, ಗೀರು ಬಿಟ್ಟುಹೋಗುತ್ತದೆ. ಇಲ್ಲಿನ ಬಿರುಕು ಹುಟ್ಟಿದ್ದು ಒಳಮೈಯಲ್ಲಿ, ಬೆಸುಗೆಯ ಬುಡದಲ್ಲಿ.

ನಾಲ್ಕನೆಯ ಪ್ರಶ್ನೆಯೇ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಕಂಪನಿಯ ಕಡತದಲ್ಲಿ ಆ ಭಾಗವನ್ನು ಬೆಸುಗೆಯೇ ಇಲ್ಲದ ಕೊಳವೆ ಎಂದು ಬರೆದಿದ್ದರು. ಆ ಕಾಲದ ಅಮೆರಿಕದಲ್ಲಿ 30 ಇಂಚಿನ ಬೆಸುಗೆರಹಿತ ಕೊಳವೆ ತಯಾರಾಗುತ್ತಲೇ ಇರಲಿಲ್ಲ! ಆ ಕಡತವನ್ನು ಗಮನವಿಟ್ಟು ಓದಿದ ಯಾವ ಎಂಜಿನಿಯರಿಗಾದರೂ ಈ ಸಾಲು ಮುಳ್ಳಿನಂತೆ ಚುಚ್ಚಬೇಕಿತ್ತು. ಬೆಸುಗೆಯೇ ಇಲ್ಲವೆಂದ ಮೇಲೆ ಬೆಸುಗೆಯ ದೋಷವನ್ನು ಹುಡುಕುವವರು ಯಾರು? ನೀರು ತುಂಬಿ, ಮಾಮೂಲಿಗಿಂತ ಹೆಚ್ಚಿನ ಒತ್ತಡ ಕೊಟ್ಟು ಪರೀಕ್ಷಿಸಿದ್ದರೆ ಆ ತುಂಡು ಅಂದೇ ನೀರು ಚಿಮ್ಮಿಸಿ ಒಡೆಯುತ್ತಿತ್ತು. 1970ಕ್ಕೆ ಮೊದಲು ಹೂತ ಕೊಳವೆಗಳಿಗೆ ಅಮೆರಿಕದ ಕೇಂದ್ರ ಸರ್ಕಾರದ ನಿಯಮ ಆ ಪರೀಕ್ಷೆಯಿಂದ ವಿನಾಯಿತಿ ಕೊಟ್ಟಿತ್ತು. ಸಾವುನೋವಿನ ಪ್ರಮಾಣಕ್ಕೆ ಇನ್ನೂ ಒಂದು ಕಾರಣ ಸೇರಿಸಬೇಕು. ದೂರದಿಂದಲೇ ಮುಚ್ಚಬಹುದಾದ ವಾಲ್ವುಗಳು ಅಲ್ಲಿರಲಿಲ್ಲವಾಗಿ, ಅನಿಲ ನಿಲ್ಲಲು 95 ನಿಮಿಷ ಹಿಡಿಯಿತು. ಅಷ್ಟರಲ್ಲಿ 38 ಮನೆಗಳು ನೆಲಸಮವಾಗಿದ್ದವು. ರಾಜ್ಯದ ನಿಯಂತ್ರಣ ಆಯೋಗ 2015ರಲ್ಲಿ ಕಂಪನಿಗೆ 160 ಕೋಟಿ ಡಾಲರ್ ದಂಡ ವಿಧಿಸಿತು, 2016ರಲ್ಲಿ ಫೆಡರಲ್ ನ್ಯಾಯಾಲಯದ ಜ್ಯೂರಿ ಆರು ಆರೋಪಗಳಲ್ಲಿ ಅದನ್ನು ತಪ್ಪಿತಸ್ಥನೆಂದಿತು.

ಹೊತ್ತಿಸಿದ ಕಿಡಿ ಯಾವುದೆಂಬ ಪ್ರಶ್ನೆಗೆ ನಾನು ಉತ್ತರಿಸಲಿಲ್ಲವೆಂದು ನೀವು ಆಕ್ಷೇಪಿಸಬಹುದು. ಇಷ್ಟು ಅನಿಲ ಹೊರನುಗ್ಗಿದಾಗ ಕಿಡಿಗೆ ಬರವಿಲ್ಲ, ಹಾರುವ ಉಕ್ಕೂ ಕಲ್ಲೂ ತಗುಲಿದರೂ ಸಾಕು. ಆದರೂ ಜನ ಮೊದಲು ಹುಡುಕುವುದು ಕಿಡಿಯನ್ನೇ. ಲಂಡನ್ನಿನ ರೋನನ್ ಪಾಯಿಂಟ್ ಎಂಬ 22 ಅಂತಸ್ತಿನ ವಸತಿ ಕಟ್ಟಡದ 18ನೆಯ ಮಹಡಿಯಲ್ಲಿ 1968ರ ಮೇ 16ರ ಬೆಳಗ್ಗೆ ಮಹಿಳೆಯೊಬ್ಬರು ಚಹಾಕ್ಕೆಂದು ಕಡ್ಡಿ ಗೀರಿದರು, ಕಟ್ಟಡದ ಒಂದು ಮೂಲೆಯೇ ಮೇಲಿನಿಂದ ಕೆಳಗಿನವರೆಗೆ ಕುಸಿಯಿತು, ನಾಲ್ವರು ಸತ್ತರು. ಆಂಧ್ರದ ನಗರಂ ಗ್ರಾಮದಲ್ಲಿ 2014ರ ಜೂನ್ 27ರ ನಸುಕಿನಲ್ಲಿ ಅನಿಲ ಕೊಳವೆಯಿಂದ ಬಂದ ಬೆಂಕಿಗೆ ಇಪ್ಪತ್ತಕ್ಕೂ ಹೆಚ್ಚು ಜನ ಬಲಿಯಾದಾಗಲೂ ಬೆರಳು ಮೊದಲು ತಿರುಗಿದ್ದು ಚಹಾ ಅಂಗಡಿಯ ಒಲೆಯತ್ತ. ಲಂಡನ್ನಿನಲ್ಲಿ ನಿಜವಾಗಿ ಸೋತದ್ದು ಒಲೆಗೆ ಅನಿಲ ತರುವ ಪೈಪಿನ ಕಳಪೆ ಹಿತ್ತಾಳೆ ನಟ್ಟು ಮತ್ತು ಗೋಡೆಗಳ ಕೀಲು. ನಗರಂನಲ್ಲಿ ತುಕ್ಕು ತಿಂದ ಕೊಳವೆ. ರೋನನ್ ಪಾಯಿಂಟ್‌ನ ಆ ಮಹಿಳೆ ಬದುಕುಳಿದರು, ಅವರ ಕಿವಿಯ ತಮಟೆ ಹರಿದಿರಲಿಲ್ಲ. ಸ್ಫೋಟದ ಒತ್ತಡ ತೀರ ಹೆಚ್ಚಿನದಲ್ಲ, ದುರ್ಬಲವಾಗಿದ್ದದ್ದು ಕಟ್ಟಡವೇ ಎಂದು ತಿಳಿಯಲು ಆ ಕಿವಿಯೇ ಒಂದು ಸಾಕ್ಷಿಯಾಯಿತು.

ಪ್ರಶ್ನೆ: ಸ್ಯಾನ್ ಬ್ರೂನೊದ ಕೆಲವರು ಮೊದಲೇ ಗ್ಯಾಸ್ ವಾಸನೆ ಬರುತ್ತಿತ್ತೆಂದು ಹೇಳಿದ್ದನ್ನು ಓದಿದ್ದೇನೆ. ಅವರು ಸುಳ್ಳು ಹೇಳಿದರೇ? (ಮೈಸೂರು)

ಉತ್ತರ: ಸುಳ್ಳೆನ್ನಬೇಕಾಗಿಲ್ಲ. ಮನೆಮನೆಗೆ ಹೋಗುವ ಸಣ್ಣ ಪೈಪುಗಳು ಅಲ್ಲಲ್ಲಿ ಸೋರುವುದುಂಟು, ಚರಂಡಿಯ ವಾಸನೆಯೂ ಅದರಂತೆಯೇ ಇರುತ್ತದೆ, ದುರಂತದ ನಂತರ ಹಳೆಯ ವಾಸನೆಗಳೆಲ್ಲ ನೆನಪಿಗೆ ಬರುವುದೂ ಸಹಜ. ಆದರೆ ಒಳಮೈಯಿಂದ ಬೆಳೆಯುವ ಉದ್ದ ಬಿರುಕು ಹೊರಮೈ ಮುಟ್ಟುವವರೆಗೆ ಒಂದು ಹನಿ ಅನಿಲವೂ ಹೊರಬರುವುದಿಲ್ಲ, ಮುಟ್ಟಿದ ಮರುಕ್ಷಣವೇ ಪೂರ್ತಿ ಸೀಳಿಬಿಡುತ್ತದೆ. ಸಣ್ಣ ತೂತು ತಿಂಗಳುಗಟ್ಟಲೆ ಸೋರಬಹುದು, ಇಂಥ ಬೆಸುಗೆ ಹಾಗೆ ಮುನ್ಸೂಚನೆ ಕೊಡುವುದಿಲ್ಲ.

ಪ್ರಶ್ನೆ: ಬೆಂಗಳೂರಿನ ನಮ್ಮ ರಸ್ತೆಯಡಿ ಗ್ಯಾಸ್ ಪೈಪು ಹಾಕಿದ್ದಾರೆ. ಇಲ್ಲಿಯೂ ಹಾಗಾಗಬಹುದೇ? (ಬೆಂಗಳೂರು)

ಉತ್ತರ: ಆ ರೀತಿಯಲ್ಲಿ ಆಗುವುದಿಲ್ಲ. ಬಡಾವಣೆಯ ಒಳರಸ್ತೆಗಳಲ್ಲಿ ಹೂಳುವುದು ಪಾಲಿಥಿಲೀನ್ ಪೈಪು. ಅದರ ಒತ್ತಡ ಹೆಚ್ಚೆಂದರೆ 4 ಬಾರ್, ಅಂದರೆ ಚದರ ಇಂಚಿಗೆ ಸುಮಾರು 58 ಪೌಂಡ್, ಅಡುಗೆಮನೆಗೆ ಬರುವ ಹೊತ್ತಿಗೆ ಅದು ಕೆಲವೇ ಮಿಲಿಬಾರ್‌ಗಳಿಗೆ ಇಳಿದಿರುತ್ತದೆ. ಅದರೊಳಗೆ ಅಂಥ ಗುಂಡಿ ತೋಡುವ ಶಕ್ತಿಯಿಲ್ಲ. ಹೆಚ್ಚಿನ ಒತ್ತಡದ ಉಕ್ಕಿನ ಕೊಳವೆಗಳು ನಗರದಲ್ಲಿಯೂ ಇವೆ, ಆದರೆ ಅವು ಸಾಮಾನ್ಯವಾಗಿ ದೊಡ್ಡ ರಸ್ತೆಗಳ ಬದಿಯಲ್ಲಿ ಸಾಗುತ್ತವೆ.

ನಿಮ್ಮ ರಸ್ತೆಯ ಅಪಾಯ ಬೇರೆ ಬಗೆಯದು. ನೀರಿನದೋ ಕೇಬಲ್ಲಿನದೋ ಕೆಲಸಕ್ಕೆ ಬಂದ ಜೆಸಿಬಿಯ ಹಲ್ಲು ತಾಗಿ ಪೈಪು ಸೀಳಿದರೆ, ಮೇಲಿನ ನೆಲ ಡಾಂಬರಿನಿಂದ ಮುಚ್ಚಿರುವುದರಿಂದ ಅನಿಲ ಆಕಾಶಕ್ಕೆ ಹೋಗದೆ ಮಣ್ಣಿನ ಸಂದಿನಲ್ಲಿ, ಚರಂಡಿ ಪೈಪಿನ ಗುಂಟ, ಕೇಬಲ್ ಕೊಳವೆಯೊಳಗೆ ಹರಿದು ಯಾವುದೋ ಮನೆಯ ಬಚ್ಚಲಲ್ಲಿ ಹೊರಬರುತ್ತದೆ. ಆ ಮನೆಯವರು ಗ್ಯಾಸ್ ಸಂಪರ್ಕವನ್ನೇ ಪಡೆಯದೆ ಇರಬಹುದು. ಆದ್ದರಿಂದ ಅಗೆತ ನಡೆಯುತ್ತಿರುವಾಗ ವಾಸನೆ ಬಂದರೆ ನಮ್ಮ ಮನೆಯಲ್ಲಿರುವುದು ಸಿಲಿಂಡರು, ಅದನ್ನು ಮುಚ್ಚಿದ್ದೇವೆ ಎಂದು ಸುಮ್ಮನಿರಬೇಡಿ. ಸ್ವಿಚ್ ಹಾಕದೆ, ಆರಿಸದೆ, ಲಿಫ್ಟ್ ಬಳಸದೆ ಹೊರಗೆ ಬನ್ನಿ, ಅಗೆಯುವವರನ್ನು ಯಂತ್ರ ನಿಲ್ಲಿಸಲು ಹೇಳಿ, ದೂರ ನಿಂತು 112ಕ್ಕೂ ಗ್ಯಾಸ್ ಕಂಪನಿಯ ತುರ್ತು ಸಂಖ್ಯೆಗೂ ಕರೆ ಮಾಡಿ. ಆ ಸಂಖ್ಯೆ ಸಂಪರ್ಕವಿರುವ ನೆರೆಮನೆಯವರ ಬಿಲ್ಲಿನ ಮೇಲೆ ಇರುತ್ತದೆ. ಇಂದೇ ಕೇಳಿ ಬರೆದಿಟ್ಟುಕೊಳ್ಳಿ.