ಹಿಮನದಿ ಕರಗಿದರೆ ನೀರು ಹರಿದು ಹೋಗಬೇಕಲ್ವಾ? ಸರೋವರ ಯಾಕೆ ಆಗುತ್ತದೆ?

ದಾರಿಗೆ ಅಡ್ಡ ಇರುತ್ತದೆ. ಹಿಮನದಿ ಕೆಳಗೆ ಜಾರುವಾಗ ಅಡಿಯ ಬಂಡೆಯನ್ನು ಉಜ್ಜಿ ಗುಂಡಿ ಮಾಡುತ್ತದೆ, ಕಲ್ಲು ಮಣ್ಣನ್ನೆಲ್ಲ ತಂದು ತುದಿಯಲ್ಲಿ ಗುಡ್ಡೆ ಹಾಕುತ್ತದೆ. ಹಿಮ ಹಿಂದೆ ಸರಿದಾಗ ಆ ಗುಡ್ಡೆಯೇ ಕಟ್ಟೆಯಾಗಿ ಗುಂಡಿಯಲ್ಲಿ ನೀರು ನಿಲ್ಲುತ್ತದೆ. ನಿಂತ ನೀರು ಹಿಮದ ಗೋಡೆಯ ಬುಡ ಕೊರೆಯುತ್ತದೆ, ಮೇಲಿನ ಭಾಗ ತುಂಡಾಗಿ ಬೀಳುತ್ತದೆ. ಹಾಗಾಗಿ ಕರಗುವುದು ಇನ್ನೂ ಜಾಸ್ತಿ.

ಸಿಕ್ಕಿಂನ ದಕ್ಷಿಣ ಲೋನಾಕ್ ಸರೋವರ ಬೆಳೆದದ್ದು ಹೀಗೇ. 1960ರ ದಶಕದಲ್ಲಿ ತುಂಬಾ ಚಿಕ್ಕದಿತ್ತು. 2023ರ ಅಕ್ಟೋಬರ್‌ನಲ್ಲಿ ಪಕ್ಕದ ಇಳಿಜಾರು ಕುಸಿದು ಅದರೊಳಗೆ ಬಿತ್ತು. ಎದ್ದ ಅಲೆ ಆ ಕಲ್ಲುಮಣ್ಣಿನ ಕಟ್ಟೆ ಒಡೆಯಿತು. ನೀರು ತೀಸ್ತಾ ಕಣಿವೆಗೆ ನುಗ್ಗಿ ಚುಂಗ್‌ಥಾಂಗ್‌ನ ಅಣೆಕಟ್ಟನ್ನೇ ಕೊಚ್ಚಿಕೊಂಡು ಹೋಯಿತು, ಎಷ್ಟೋ ಜನ ಸತ್ತರು. ನೋಡಲು ಶಾಂತವಾಗಿದೆ ಅಂತ ಇಂಥ ಸರೋವರವನ್ನು ಸುಮ್ನೆ ಬಿಡಬಾರದು. ನೀರಿನ ಮಟ್ಟದ ಜೊತೆ ಸುತ್ತಲಿನ ಇಳಿಜಾರುಗಳ ಮೇಲೂ ಕಣ್ಣಿಡಬೇಕು.