ಪರ್ಮಿಷನ್ ಡಿನೈಡ್ ಬಂದ್ರೆ 777 ಹೊಡೀಬೇಡಿ, ಯಾರನ್ನ ಎಲ್ಲಿ ತಡೆದಿದೆ ಅಂತ ನೋಡಿ

ಮೇಡಂ, ನೀವು ಹೇಳಿರೋದು ಇಷ್ಟು ತಾನೆ, ತಾರಸಿ ತೋಟದವರು ಬೀಜ ಬದಲಾಯಿಸ್ಕೊಳ್ಳೋಕೆ ಅಂತ ಜ್ಯಾಂಗೋ ಅನ್ನೋ ಪೈಥಾನ್ ಫ್ರೇಮ್‌ವರ್ಕಲ್ಲಿ ಒಂದು ಸೈಟ್ ಮಾಡಿದೀರ, ಲ್ಯಾಪ್‌ಟಾಪಲ್ಲಿ ಚೆನ್ನಾಗಿ ಓಡ್ತಿತ್ತು, ಉಬುಂಟು 22.04 ಸರ್ವರ್‌ಗೆ ಹಾಕಿದ್ಮೇಲೆ ಪೇಜ್ ಬರತ್ತೆ ಆದ್ರೆ ಅದರ ಅಂದಚಂದ ನೋಡ್ಕೊಳ್ಳೋ ಸಿಎಸ್‌ಎಸ್ ಫೈಲೆಲ್ಲಾ 403, ಅಂದ್ರೆ ಕೊಡಲ್ಲ ಅಂತಿದೆ, ಗಿಡದ ಫೋಟೋ ಹಾಕೋಕೆ ಹೋದ್ರೆ ಎರ್ರ್‌ನೋ 13 ಪರ್ಮಿಷನ್ ಡಿನೈಡ್. ಮೇಲಿನ ಕಾಮೆಂಟಲ್ಲಿ ಒಬ್ರು ಪ್ರಾಜೆಕ್ಟ್ ಫೋಲ್ಡರ್‌ಗೆ ಚ್‌ಮಾಡ್ 777 ಹೊಡೀರಿ, ಅಂದ್ರೆ ಯಾರು ಬೇಕಾದ್ರೂ ಓದಿ ಬರೆಯೋ ಹಂಗೆ ಬಿಟ್ಬಿಡಿ ಅಂದಿದಾರೆ. ಬೇಡ ಮೇಡಂ. ಅದು ಡೇಂಜರ್ ಅನ್ನೋದು ಆಮೇಲಿನ ಮಾತು, ಮೊದಲು ಅದ್ರಿಂದ ನಿಮ್ಮ ಸಿಎಸ್‌ಎಸ್ ಬರೋದೇ ಇಲ್ಲ. ಯಾಕೆ ಅಂತ ಹೇಳ್ತೀನಿ.

ಲ್ಯಾಪ್‌ಟಾಪಲ್ಲಿ ರನ್‌ಸರ್ವರ್ (ಜ್ಯಾಂಗೋದ್ದೇ ಟೆಸ್ಟಿಂಗ್ ಸರ್ವರ್) ಕೊಟ್ಟಾಗ ಎಲ್ಲಾ ಕೆಲಸ ನಿಮ್ಮ ಹೆಸರಲ್ಲೇ ನಡೆಯತ್ತೆ, ಹಾಗಾಗಿ ಪರ್ಮಿಷನ್ ಅನ್ನೋದು ಕಣ್ಣಿಗೇ ಬೀಳಲ್ಲ. ಸರ್ವರಲ್ಲಿ ಇಬ್ಬರಿದಾರೆ. ನಿಮ್ಮ ಜ್ಯಾಂಗೋ ಕೋಡ್ ಓಡಿಸೋ ಗುನಿಕಾರ್ನ್, ನಿಮ್ಮ ಸರ್ವಿಸ್ ಫೈಲಲ್ಲಿ ಯೂಸರ್ ಅಂತ ಏನಿದೆಯೋ ಆ ಹೆಸರಲ್ಲಿ ಓಡತ್ತೆ, ನೀವು ಹಾಕಿರೋ ಫೈಲಲ್ಲಿ ಅದು ಉಬುಂಟು ಅನ್ನೋ ಹೆಸರಿನ ಯೂಸರ್. ಸಿಎಸ್‌ಎಸ್ ಕೊಡೋದು ಎಂಜಿನ್‌ಎಕ್ಸ್ ಅನ್ನೋ ವೆಬ್ ಸರ್ವರ್, ಅದು ಉಬುಂಟುಲಿ ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ ಅನ್ನೋ ಬೇರೆ ಯೂಸರ್. ನಿಮ್ಮ ಎರಡು ಎರರ್‌ಗೂ ಕಾರಣ ಒಂದೇ ಅಲ್ಲ, ಅದಕ್ಕೇ ಒಂದೇ ಮದ್ದು ಹುಡುಕಿ ಸುಸ್ತಾಗಿದೀರ.

ಮೊದಲು ಸಿಎಸ್‌ಎಸ್. ಎಂಜಿನ್‌ಎಕ್ಸ್‌ನ ಎರರ್ ಲಾಗ್ ತೆಗೀರಿ, ಕೊನೇ ಸಾಲಲ್ಲಿ ಬ್ರಾಕೆಟ್ ಒಳಗೆ ಒಂದು ನಂಬರ್ ಇರತ್ತೆ. 13 ಇದ್ರೆ ಪರ್ಮಿಷನ್. 2 ಇದ್ರೆ ಆ ಫೈಲೇ ಅಲ್ಲಿಲ್ಲ, ಸಿಎಸ್‌ಎಸ್ ಫೈಲೆಲ್ಲಾ ಒಂದೆಡೆ ಸೇರಿಸೋ ಕಲೆಕ್ಟ್‌ಸ್ಟಾಟಿಕ್ ಕಮಾಂಡು ಮರೆತಿರ್ತೀರ ಇಲ್ಲಾ ಪಾತ್ ತಪ್ಪಿರತ್ತೆ, ಆಗ ಚ್‌ಮಾಡ್ ಮುಟ್ಟೋ ಕೆಲಸಾನೇ ಇಲ್ಲ. ಎಷ್ಟೋ ಜನ ಈ ನಂಬರ್ ನೋಡದೆ ಅರ್ಧ ದಿನ ಕಳೀತಾರೆ.

13 ಇದ್ರೆ ಮುಂದಿನ ಕಮಾಂಡು ಎನ್ ಎ ಎಂ ಇ ಐ ಅಂತ ಐದಕ್ಷರ, ಒಂದು ಸ್ಪೇಸ್, ಮೈನಸ್ ಎಲ್, ಆಮೇಲೆ ಆ ಸಿಎಸ್‌ಎಸ್ ಫೈಲಿನ ಪೂರ್ತಿ ಪಾತ್. ಬೇರಿಂದ, ಅಂದ್ರೆ ಎಲ್ಲಕ್ಕೂ ಮೇಲಿನ ಫೋಲ್ಡರಿಂದ, ಶುರು ಮಾಡಿ ಫೈಲ್ ತನಕ ಪ್ರತಿ ಫೋಲ್ಡರ್‌ನ ಪರ್ಮಿಷನ್ನು ಒಂದರ ಕೆಳಗೊಂದು ತೋರಿಸತ್ತೆ. ಹೋಮ್ ಒಳಗಿನ ಉಬುಂಟು ಅನ್ನೋ ಸಾಲು ನೋಡಿ, ಪರ್ಮಿಷನ್ ಅಕ್ಷರಗಳ ಕೊನೇ ಮೂರು ಜಾಗದಲ್ಲಿ ಬರೀ ಅಡ್ಡಗೆರೆ ಇರತ್ತೆ. ಅಲ್ಲೇ ಸಿಕ್ಕಾಕೊಂಡಿರೋದು. ಉಬುಂಟು 21.04ರಿಂದ ಹೊಸ ಯೂಸರ್‌ನ ಹೋಮ್ ಫೋಲ್ಡರ್ 750 ಆಗೇ ಹುಟ್ಟತ್ತೆ, ಅಂದ್ರೆ ಹೊರಗಿನ ಯೂಸರ್‌ಗೆ ಪ್ರವೇಶ ಇಲ್ಲ, ಅದಕ್ಕೂ ಮುಂಚೆ 755 ಇತ್ತು, ಯಾರು ಬೇಕಾದ್ರೂ ಒಳಗೆ ನೋಡಬಹುದಿತ್ತು. ಹಳೇ ವಿಡಿಯೋ ನೋಡಿ ಹಂಗೇ ಮಾಡಿದ್ರೂ ಬರ್ತಿಲ್ಲ ಅನ್ನೋರದ್ದೆಲ್ಲಾ ಬಹುತೇಕ ಇದೇ ಕತೆ.

ಆ ಪರ್ಮಿಷನ್ ಅಕ್ಷರಗಳಲ್ಲಿ ಫೋಲ್ಡರ್ ಮೇಲಿನ ಎಕ್ಸ್ ಅಂದ್ರೆ ಓಡಿಸೋದಲ್ಲ, ಹಾದು ಹೋಗೋ ಹಕ್ಕು. ನಮ್ಮ ಹಳೇ ವಠಾರ ನೆನಪಿಸ್ಕೊಳ್ಳಿ, ಕೊನೇ ಮನೆ ಬಾಗಿಲು ಹಾರುಹೊಡೆದಿದ್ರೂ ರೋಡ್ ಕಡೆ ಗೇಟಿಗೆ ಬೀಗ ಇದ್ರೆ ಹಾಲಿನವನು ಒಳಗೆ ಬರೋದು ಹೆಂಗೆ. ಪ್ರಾಜೆಕ್ಟ್‌ಗೆ 777 ಕೊಡೋದು ಆ ಕೊನೇ ಮನೆ ಬಾಗಿಲನ್ನ ಕಿತ್ತೇ ಹಾಕಿದಂಗೆ ಅಷ್ಟೆ.

ಪ್ರಾಜೆಕ್ಟ್‌ಗೆ ಕೊಟ್ರೂ ಆಗ್ಲಿಲ್ಲ ಅಂತ ಜನ ಹೋಮ್ ಫೋಲ್ಡರ್‌ಗೇ ಮೈನಸ್ ಆರ್ (ಒಳಗಿರೋದಕ್ಕೆಲ್ಲಾ ಅನ್ವಯಿಸು ಅಂತ) ಸೇರಿಸಿ 777 ಹೊಡೀತಾರೆ, ನಾನೂ ಹೊಡೆದೋನೇ. ಜಯನಗರದಲ್ಲಿ ಒಂದು ಸಣ್ಣ ಆಫೀಸಲ್ಲಿದ್ದಾಗ ಸಾಯಂಕಾಲ ಹೊಡೆದೆ, ಸೈಟ್ ಎದ್ದಿತು, ಕಾಫಿ ಕುಡಿದು ಮನೆಗೆ ಹೋದೆ. ಬೆಳಿಗ್ಗೆ ಸರ್ವರ್‌ಗೆ ದೂರದಿಂದ ಲಾಗಿನ್ ಮಾಡಿಸೋ ಎಸ್‌ಎಸ್‌ಎಚ್ ಯಾರನ್ನೂ ಒಳಗೆ ಬಿಡ್ತಿಲ್ಲ, ಪಬ್ಲಿಕ್ ಕೀ ಡಿನೈಡ್. ಹೋಮ್ ಫೋಲ್ಡರ್‌ಗೆ ಯಾರು ಬೇಕಾದ್ರೂ ಬರೀಬಹುದು ಅಂತಿದ್ರೆ ಎಸ್‌ಎಸ್‌ಎಚ್ ಆ ಯೂಸರ್‌ನ ಕೀನ ನಂಬೋದೇ ಇಲ್ಲ, ಸ್ಟ್ರಿಕ್ಟ್‌ಮೋಡ್ಸ್ ಅಂತ ಅದರ ಡೀಫಾಲ್ಟ್ ಸೆಟಿಂಗ್. ಪುಣ್ಯಕ್ಕೆ ಪಕ್ಕದ ಹುಡುಗನ ಲ್ಯಾಪ್‌ಟಾಪಲ್ಲಿ ರಾತ್ರಿಯ ಸೆಷನ್ ಇನ್ನೂ ತೆರೆದೇ ಇತ್ತು, ಅದರಲ್ಲಿ ಹೋಮ್‌ಗೆ 755, ಡಾಟ್ ಎಸ್‌ಎಸ್‌ಎಚ್‌ಗೆ 700, ಅದರೊಳಗಿನ ಆಥರೈಸ್ಡ್ ಕೀಸ್‌ಗೆ 600 ಕೊಟ್ಟು ಬದುಕ್ಕೊಂಡ್ವಿ. ಅವನು ಲ್ಯಾಪ್‌ಟಾಪ್ ಮುಚ್ಚೋಕೆ ಕೈ ಹಾಕಿದಾಗ ನಾನು ಕೂಗಿದ ಕೂಗು ಇವತ್ತಿಗೂ ಆಡ್ಕೋತಾನೆ.

ನೀವು ಮಾಡ್ಬೇಕಾದ್ದು, ಪ್ರಾಜೆಕ್ಟನ್ನ ಹೋಮ್‌ನಿಂದ ಎತ್ತಿ ಎಸ್‌ಆರ್‌ವಿ ಫೋಲ್ಡರ್‌ಗೆ ಹಾಕೋದು. ಹೋಮ್‌ಗೆ 751 ಕೊಟ್ರೂ ಕೆಲಸ ಆಗತ್ತೆ, ಒಂದೇ ಕಮಾಂಡು, ಆದ್ರೆ ಸೈಟು ಹೋಮಲ್ಲಿರೋದೇ ನನಗೆ ಇಷ್ಟ ಇಲ್ಲ. ಎತ್ತುವಾಗ ಒಂದು ಎಚ್ಚರ, ವರ್ಚುವಲ್ ಎನ್ವಿರಾನ್‌ಮೆಂಟನ್ನ (ಪ್ರಾಜೆಕ್ಟಿನ ಪೈಥಾನ್ ಪ್ಯಾಕೇಜುಗಳಿರೋ ಫೋಲ್ಡರ್) ಜೊತೆಗೆ ಸಾಗಿಸ್ಬೇಡಿ, ಅದರೊಳಗಿನ ಸ್ಕ್ರಿಪ್ಟ್‌ಗಳ ಮೊದಲ ಸಾಲಲ್ಲಿ ಹಳೇ ಪಾತ್ ಪೂರ್ತಿ ಬರೆದಿರತ್ತೆ, ಸರ್ವಿಸ್ ಶುರು ಮಾಡೋ ಸಿಸ್ಟಮ್‌ಡಿ 203 ಎಕ್ಸೆಕ್ ಅಂತ ಕೈ ಎತ್ತತ್ತೆ. ಹೊಸ ಜಾಗದಲ್ಲಿ ಹೊಸದಾಗೇ ಮಾಡಿ ಪಿಪ್ ಇನ್‌ಸ್ಟಾಲ್ ಕೊಡಿ. ಸರ್ವಿಸ್ ಫೈಲಲ್ಲೂ ಎಂಜಿನ್‌ಎಕ್ಸ್ ಕಾನ್ಫಿಗಲ್ಲೂ ಪಾತ್ ಬದಲಾಯಿಸಿ, ಸರ್ವಿಸ್ ಫೈಲನ್ನ ಮತ್ತೆ ಓದಿಸೋ ಡೀಮನ್-ರಿಲೋಡ್ ಮರೀಬೇಡಿ.

ಈಗ ಫೋಟೋ. ಇದಕ್ಕೂ ಎಂಜಿನ್‌ಎಕ್ಸ್‌ಗೂ ಸಂಬಂಧ ಇಲ್ಲ, ಬರೆಯೋನು ಗುನಿಕಾರ್ನ್, ಅವನು ಉಬುಂಟು ಯೂಸರ್. ಹಂಗಿದ್ರೆ ನಿಮ್ಮದೇ ಫೋಲ್ಡರಲ್ಲಿ ಯಾಕೆ ಬರೆಯೋಕಾಗ್ತಿಲ್ಲ? ಉತ್ತರ ನಿಮ್ಮ ಪೋಸ್ಟಲ್ಲೇ ಇದೆ, "ಒಂದ್ಸಲ ಸುಡೊ ಹಾಕಿ ಓಡಿಸಿ ಟೆಸ್ಟ್ ಮಾಡ್ದೆ" ಅಂದಿದೀರಲ್ಲ. ಆಗ ಹುಟ್ಟಿದ ಮೀಡಿಯಾ ಫೋಲ್ಡರು, ಲಾಗ್ ಫೈಲು ಎಲ್ಲಾ ರೂಟ್ ಪಾಲು, ಸುಡೊ ಅಂದ್ರೆ ಅಡ್ಮಿನ್ ಆದ ರೂಟ್ ಹೆಸರಲ್ಲಿ ಓಡಿಸೋದು. ಪ್ರಾಜೆಕ್ಟ್ ಒಳಗೆ ನಿಂತು ಫೈಂಡ್ ಡಾಟ್ ಮೈನಸ್ ಯೂಸರ್ ರೂಟ್ ಕೊಡಿ, ಪಟ್ಟಿ ಬರತ್ತೆ. ಆಮೇಲೆ ಸುಡೊ ಚ್‌ಓನ್ ಮೈನಸ್ ಆರ್ ಹಾಕಿ ಎಲ್ಲಾನೂ ಉಬುಂಟು ಹೆಸರಿಗೆ ಮಾಡಿ. ಇನ್ಮೇಲೆ ಮ್ಯಾನೇಜ್ ಡಾಟ್ ಪೈ, ಪಿಪ್, ಗಿಟ್ ಪುಲ್ ಯಾವುದಕ್ಕೂ ಸುಡೊ ಬೇಡ.

ಆ ಪಟ್ಟಿಲಿ ಎಸ್‌ಕ್ಯೂಲೈಟ್ ಡೇಟಾಬೇಸ್ ಫೈಲೂ ಕಂಡ್ರೆ ರೀಡ್‌ಓನ್ಲಿ ಡೇಟಾಬೇಸ್ ಅನ್ನೋ ಎರರ್ರೂ ಕಾದಿತ್ತು ಅಂತಲೇ ಲೆಕ್ಕ. ಅಲ್ಲಿ ಫೈಲಿಗೆ ಮಾತ್ರ ಬರೆಯೋ ಹಕ್ಕು ಕೊಟ್ರೆ ಸಾಲ್ದು, ಅದು ಪಕ್ಕದಲ್ಲೇ ಜರ್ನಲ್ ಫೈಲ್ ಮಾಡ್ಕೊಳ್ಳತ್ತೆ, ಹಾಗಾಗಿ ಫೋಲ್ಡರ್‌ಗೂ ಬರೆಯೋ ಹಕ್ಕು ಬೇಕು.

ಆದ್ಮೇಲೆ ಬ್ರೌಸರ್ ತೆಗೆಯೋಕ್ಮುಂಚೆ ಸುಡೊ ಮೈನಸ್ ಯು ಹಾಕಿ ಆ ಎಂಜಿನ್‌ಎಕ್ಸ್ ಯೂಸರ್ ಹೆಸರಲ್ಲೇ ಸಿಎಸ್‌ಎಸ್ ಫೈಲನ್ನ ಕ್ಯಾಟ್ ಮಾಡಿ ನೋಡಿ, ಓದಕ್ಕೆ ಬಂದ್ರೆ ಪರ್ಮಿಷನ್ ಪಾರು. ಕ್ಲೌಡ್ ಸರ್ವರ್‌ಗಳಲ್ಲಿ ಉಬುಂಟು ಯೂಸರ್‌ಗೆ ಸಾಮಾನ್ಯವಾಗಿ ಪಾಸ್‌ವರ್ಡ್ ಇಲ್ಲದೇ ಸುಡೊ ಇರತ್ತೆ, ಹಾಗಾಗಿ ಸೈಟಿಗೆ ಅಂತಲೇ ಬೇರೆ ಯೂಸರ್ ಮಾಡೋದು ಒಳ್ಳೇದು, ಆದ್ರೆ ಇವತ್ತೇ ಬೇಡ, ಮೊದಲು ಇದು ಏಳ್ಲಿ.

ಇಷ್ಟಾಗೂ 13 ಬಂದ್ರೆ ಆ ಐದಕ್ಷರದ ಕಮಾಂಡಿನ ಔಟ್‌ಪುಟ್ ಪೂರ್ತಿ ಇಲ್ಲಿ ಹಾಕಿ, ಸ್ಕ್ರೀನ್ ಫೋಟೋ ಬೇಡ, ಟೆಕ್ಸ್ಟ್ ಆಗಿ. ಸೆಟಿಂಗ್ಸ್ ಫೈಲ್ ಹಾಕೋದಿದ್ರೆ ಸೀಕ್ರೆಟ್ ಕೀ ಅಳಿಸಿ. ಸೈಟ್ ಎದ್ಮೇಲೆ ಬಸಳೆ ಕಡ್ಡಿ ಎರಡು ನನ್ನ ಹೆಸರಲ್ಲಿ ಎತ್ತಿಡಿ, ವಿಜಯನಗರಕ್ಕೆ ನಾನೇ ಬಂದು ತಗೊಂಡ್ ಹೋಗ್ತೀನಿ.