ಕಾರವಾರದ ಉಪ್ಪುಗಾಳಿಯಲ್ಲಿ ಸೈಕಲ್ ಪೋಲೋ: ನನ್ನ ಮತ ಸ್ಟೀಲ್ ಫ್ರೇಮಿಗೆ

ಅಂಕೋಲೆಯ ಗೆಳೆಯರು ಕೇಳಿರುವುದು ಇಷ್ಟು: ಆರು ಜನ ಸೇರಿ ಕಾರವಾರದಲ್ಲಿ ಕಾಂಕ್ರೀಟ್ ಅಂಗಳದ ಮೇಲೆ ಸೈಕಲ್ ಪೋಲೋ ಆಡಲು ಹೊರಟಿದ್ದೇವೆ, ತಲೆಗೆ ಹತ್ತು ಹನ್ನೆರಡು ಸಾವಿರ ಹಾಕಬಹುದು, ಅಲ್ಯೂಮಿನಿಯಂ ಫ್ರೇಮ್ ಕೊಳ್ಳಬೇಕೋ ಸ್ಟೀಲ್ ಫ್ರೇಮ್ ಕೊಳ್ಳಬೇಕೋ? ಅದಕ್ಕೆ ಇಬ್ಬರು ಹಿರಿಯರು "ಸಮುದ್ರದ ಬದಿಯಲ್ಲಿ ಕಬ್ಬಿಣವೆಂದರೆ ತುಕ್ಕು, ಕಣ್ಣು ಮುಚ್ಚಿ ಅಲ್ಯೂಮಿನಿಯಂ ತೆಗೆದುಕೊಳ್ಳಿ" ಎಂದು ಉತ್ತರಿಸಿದ್ದಾರೆ. ದಿನನಿತ್ಯ ಕೋಡಿಬಾಗದಿಂದ ಪೇಟೆಗೆ ಹೋಗಿಬರುವ ಸೈಕಲ್ಲಾದರೆ ನಾನೂ ಅದನ್ನೇ ಹೇಳುತ್ತಿದ್ದೆ. ಪೋಲೋ ಸೈಕಲ್ಲಿನ ವಿಷಯದಲ್ಲಿ ಮಾತ್ರ ಅವರ ಮಾತನ್ನು ಒಪ್ಪಲಾರೆ. ಎರಡೂ ಬಗೆಯ ಫ್ರೇಮಿನ ಮೇಲೆ ಆಡಿ, ಎರಡನ್ನೂ ಕೆಡಿಸಿಕೊಂಡವನಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಆಟ ಎಂಥದ್ದೆಂದು ನೋಡೋಣ. ಸೈಕಲ್ ಮೇಲೆ ಕೂತೇ ಮ್ಯಾಲೆಟ್ ಎಂಬ ಉದ್ದನೆಯ ಕೋಲಿನಿಂದ ಚೆಂಡು ಹೊಡೆದು ಗೋಲು ಹಾಕುವುದು. 1891ರಲ್ಲಿ ಐರ್ಲೆಂಡಿನ ರಿಚರ್ಡ್ ಮೆಕ್ರೆಡಿ ಶುರುಮಾಡಿದ ಸೈಕಲ್ ಪೋಲೋ ಹುಲ್ಲಿನ ಮೇಲಿನ ಆಟ. ನಮ್ಮ ದೇಶದಲ್ಲಿ ಬೆಳೆದದ್ದೂ ಹುಲ್ಲಿನ ಮೇಲಿನದ್ದೇ. ನೀವು ಆಡಹೊರಟಿರುವ ಗಟ್ಟಿ ಅಂಗಳದ ಆಟ ಈಚಿನದು. ಅಮೆರಿಕದ ಸಿಯಾಟಲ್ ನಗರದಲ್ಲಿ ಸೈಕಲ್ ಮೇಲೆ ಪತ್ರ, ಪೊಟ್ಟಣ ಮುಟ್ಟಿಸುತ್ತಿದ್ದ ಹುಡುಗರು 2000ನೇ ಇಸವಿಯ ಆಸುಪಾಸಿನಲ್ಲಿ ಬಿಡುವಿನ ವೇಳೆಗೆ ಕಟ್ಟಿಕೊಂಡದ್ದು. ತಂಡಕ್ಕೆ ಮೂವರು. ಕಾಲು ನೆಲಕ್ಕೆ ತಾಗಿದರೆ ಗೊತ್ತುಮಾಡಿದ ಜಾಗಕ್ಕೆ ಹೋಗಿ ಮುಟ್ಟಿಬಂದ ಮೇಲೆಯೇ ಮತ್ತೆ ಆಟಕ್ಕೆ ಇಳಿಯಬೇಕು. ಇಕ್ಕಟ್ಟಿನಲ್ಲಿ ತಿರುಗುವುದು, ಗಕ್ಕನೆ ನಿಲ್ಲುವುದು, ಒಬ್ಬರಿಗೊಬ್ಬರು ಒರಗುವುದು, ಬೀಳುವುದು ಇಡೀ ಹೊತ್ತು ನಡೆಯುತ್ತಲೇ ಇರುತ್ತದೆ. ಹುಲ್ಲಿನ ಮೇಲೆ ಸೈಕಲ್ ಬಿದ್ದರೆ ಮಣ್ಣು ಪೆಟ್ಟನ್ನು ನುಂಗಿಕೊಳ್ಳುತ್ತದೆ. ಕಾಂಕ್ರೀಟಿನ ಮೇಲೆ ಬಿದ್ದರೆ ಪೂರ್ತಿ ಪೆಟ್ಟು ಫ್ರೇಮಿಗೇ ಬರುತ್ತದೆ. ಆದ್ದರಿಂದ ಯಾವುದು ಹಗುರ ಎಂದು ಕೇಳುವ ಮೊದಲು, ಸಣ್ಣ ಪೆಟ್ಟನ್ನು ಸಾವಿರ ಸಲ ತಿಂದ ಮೇಲೆ ಯಾವುದು ಏನಾಗುತ್ತದೆ, ಕೆಟ್ಟರೆ ನಮ್ಮೂರಲ್ಲಿ ಯಾರು ಸರಿಮಾಡುತ್ತಾರೆ ಎಂದು ಕೇಳಬೇಕು.

ಅಲ್ಯೂಮಿನಿಯಂನ ತೂಕ ಉಕ್ಕಿನ ಸುಮಾರು ಮೂರನೆಯ ಒಂದು ಪಾಲು, ಬಿಗುವೂ ಅಷ್ಟೇ. ಆ ಕೊರತೆ ತುಂಬಲು ಪೈಪುಗಳನ್ನು ದಪ್ಪ ಸುತ್ತಳತೆಯಲ್ಲಿ ಮಾಡುತ್ತಾರೆ. ಹಾಗೆ ಮಾಡಿದ ಫ್ರೇಮ್ ನಿಜಕ್ಕೂ ಬಿಗಿಯಾಗಿರುತ್ತದೆ, ನಿಂತಲ್ಲಿಂದ ಪೆಡಲ್ ಒತ್ತಿದರೆ ಚಂಗನೆ ಮುಂದಕ್ಕೆ ಹೋಗುತ್ತದೆ. ಆ ಖುಷಿಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಎರಡು ಲೋಹಗಳ ಗುಣದಲ್ಲಿ ಒಂದು ದೊಡ್ಡ ಅಂತರವಿದೆ. ಉಕ್ಕಿಗೆ ಒಂದು ಮಿತಿಯಿದೆ. ಅದರ ಒಳಗೆ ಎಷ್ಟು ಸಲ ಜಗ್ಗಿದರೂ ಅದು ದಣಿಯುವುದಿಲ್ಲ. ಅಲ್ಯೂಮಿನಿಯಂಗೆ ಅಂಥ ಮಿತಿಯೇ ಇಲ್ಲ. ಪ್ರತಿ ಜಗ್ಗುವಿಕೆಯೂ, ಸಣ್ಣದಾದರೂ, ಲೆಕ್ಕಕ್ಕೆ ಸೇರುತ್ತಾ ಹೋಗುತ್ತದೆ. ಒಮ್ಮೆ ಬಾಗಿಸಿ ನೆಟ್ಟಗೆ ಮಾಡಿದ ಅಲ್ಯೂಮಿನಿಯಂ ದೋಟಿ ಮುಂದೆ ಅದೇ ಜಾಗದಲ್ಲಿ ಮುರಿಯುತ್ತದೆಂದು ಶಿರಸಿ ಕಡೆಯ ಅಡಿಕೆ ತೋಟದವರಿಗೆ ಹೇಳಿಕೊಡಬೇಕಾಗಿಲ್ಲ.

ನನ್ನ ಮೊದಲ ಪೋಲೋ ಸೈಕಲ್ 6061 ಎಂಬ ದರ್ಜೆಯ ಅಲ್ಯೂಮಿನಿಯಂನದು. ಎರಡನೆಯ ಮಳೆಗಾಲ ಮುಗಿದು ಆಟ ಮತ್ತೆ ಶುರುವಾದಾಗ ಮುಂದಿನ ಬ್ರೇಕ್ ಹಿಡಿದಾಗಲೆಲ್ಲ "ಟಿಕ್" ಎಂಬ ಸದ್ದು. ಹ್ಯಾಂಡಲ್ ಬುಡದ ಬೇರಿಂಗ್ ಬದಲಿಸಿದೆ, ಗ್ರೀಸ್ ತುಂಬಿದೆ, ಸದ್ದು ಹೋಗಲಿಲ್ಲ. ಕೊನೆಗೆ ಪರಿಚಯದ ಮೆಕ್ಯಾನಿಕ್ ಒಬ್ಬರು ಹಳೆಯ ಉಪಾಯ ತೋರಿಸಿದರು. ಬೆಸುಗೆಯ ಸುತ್ತ ಸೀಮೆಎಣ್ಣೆ ಹಚ್ಚಿ, ಹತ್ತು ನಿಮಿಷ ಬಿಟ್ಟು, ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿದರು. ಬೆಳ್ಳಗಿದ್ದ ಪುಡಿಯ ಮೇಲೆ, ಕೆಳಗಿನ ಪೈಪು ಹ್ಯಾಂಡಲ್ ಬುಡಕ್ಕೆ ಸೇರುವ ಜಾಗದ ಅಡಿಯಲ್ಲಿ, ಕೂದಲಿನಷ್ಟು ತೆಳುವಾದ ಒದ್ದೆ ಗೆರೆ ನಿಧಾನವಾಗಿ ಮೂಡಿತು. ಹೆಬ್ಬೆರಳಿನ ಉಗುರಿನಷ್ಟು ಅಗಲ. ಬಿರುಕಿನ ಒಳಗೆ ಉಳಿದಿದ್ದ ಎಣ್ಣೆ ಹೊರಬಂದು ಪುಡಿಯನ್ನು ನೆನೆಸಿತ್ತು. ಬಣ್ಣದ ಮೇಲೆ ನೋಡಿದರೆ ಏನೂ ಕಾಣುತ್ತಿರಲಿಲ್ಲ. ಆ ವಾರ ಇನ್ನೆರಡು ಆಟ ಆಡಿದ್ದರೆ ಮುಂದಿನ ಗಾಲಿ ಕಳಚಿ ನನ್ನ ಮುಖ ನೆಲಕ್ಕೆ ಬಡಿಯುತ್ತಿತ್ತು.

ಅದನ್ನು ಬೆಸೆಯಲಾಗದೇ ಎಂದರೆ, ಆರ್ಗಾನ್ ವೆಲ್ಡಿಂಗ್ ಇರುವವರು ಅಂಟಿಸಿಕೊಡುತ್ತಾರೆ. ಆದರೆ 6061 ಕಾದ ಜಾಗದಲ್ಲಿ ಹೆಚ್ಚುಕಡಿಮೆ ಅರ್ಧ ಬಲ ಕಳೆದುಕೊಳ್ಳುತ್ತದೆ. ಅದನ್ನು ಮರಳಿ ಪಡೆಯಲು ಇಡೀ ಫ್ರೇಮನ್ನು ಸುಮಾರು 530 ಡಿಗ್ರಿಗೆ ಕಾಯಿಸಿ, ತಟ್ಟನೆ ತಣಿಸಿ, ಮತ್ತೆ ಹದವಾದ ಶಾಖದಲ್ಲಿ ಗಂಟೆಗಟ್ಟಲೆ ಇಡಬೇಕು. ಅಂಥ ಕುಲುಮೆ ನಮ್ಮ ಸೈಕಲ್ ಅಂಗಡಿಗಳಲ್ಲಿ ಇರುವುದಿಲ್ಲ. ಬೇರೆ ಯಾರೂ ಗುಜರಿಯಿಂದ ಎತ್ತಿಕೊಂಡು ಓಡಿಸಬಾರದೆಂದು ಆ ಫ್ರೇಮನ್ನು ಗರಗಸದಲ್ಲಿ ಎರಡು ತುಂಡು ಮಾಡಿದೆ.

ಈಗಿನದು ಹಳೆಯ ಸ್ಟೀಲ್ ಫ್ರೇಮ್. ಒಮ್ಮೆ ಇದರ ಹಿಂದಿನ ಗಾಲಿಯ ಪಕ್ಕದ ಕೋಲು ಬೆಸುಗೆಯಲ್ಲಿ ಬಿಟ್ಟುಕೊಂಡಿತು. ಬೈತಖೋಲ ಬಂದರಿನ ಬಳಿ ದೋಣಿಗಳ ಕೆಲಸ ಮಾಡುವ ಒಬ್ಬರು ಗ್ಯಾಸಿನ ಉರಿಯಲ್ಲಿ ಹಿತ್ತಾಳೆ ಬೆಸುಗೆ ಹಾಕಿ ಅರ್ಧ ಗಂಟೆಯಲ್ಲಿ ಕೈಗಿತ್ತರು. ಇನ್ನೊಮ್ಮೆ ಬಿದ್ದಾಗ ಹಿಂದಿನ ಕವಲು ಓರೆಯಾಯಿತು. ಹಗ್ಗ ಹಿಡಿದು ಎರಡೂ ಕಡೆಯ ಅಂತರ ಅಳೆದು, ಕೈಯಲ್ಲೇ ಜಗ್ಗಿ ಸರಿಮಾಡಿದೆವು. ಅಲ್ಯೂಮಿನಿಯಂ ಅನ್ನು ಹಾಗೆ ಜಗ್ಗುವುದು ಎಂದಿಗೂ ಬೇಡ. ಸ್ಟೀಲಿಗೂ ಒಂದು ಎಚ್ಚರಿಕೆ ಇದೆ: ಪೈಪಿನ ಗೋಡೆ ಒಂದು ಮಿಲಿಮೀಟರಿಗಿಂತ ತೆಳುವಾಗಿರಬಹುದು, ಗೇಟು ಕಿಟಕಿ ಬೆಸೆಯುವ ದಪ್ಪ ರಾಡಿನ ವೆಲ್ಡಿಂಗ್ ಹಾಕಿಸಿದರೆ ತೂತು ಬೀಳುತ್ತದೆ.

ಈಗ ತುಕ್ಕಿನ ಮಾತು. ಹಿರಿಯರು ಹೇಳಿದ್ದು ಸುಳ್ಳಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ, ಉಳಿದ ತಿಂಗಳು ಉಪ್ಪುಗಾಳಿ ಬೀಸುವ ಊರು ನಮ್ಮದು. ತುಕ್ಕು ಹೊರಗೆ ಕಾಣುವುದಕ್ಕಿಂತ ಒಳಗೆ ಕೆಟ್ಟದಾಗಿ ಹಿಡಿಯುತ್ತದೆ. ಸೀಟಿನ ಪೈಪಿನಿಂದ ಇಳಿದ ನೀರು ಪೆಡಲ್ ಅಚ್ಚಿನ ಗೂಡಿನಲ್ಲಿ ನಿಲ್ಲುತ್ತದೆ. ಮೊದಲ ಸಲ ನನ್ನ ಫ್ರೇಮಿನ ಆ ಗೂಡು ಬಿಚ್ಚಿದಾಗ ಕಷಾಯದ ಬಣ್ಣದ ನೀರು, ಅದರ ಹಿಂದೆಯೇ ಒಂದು ಹಿಡಿ ಕೆಂಪು ಪುಡಿ ಸುರಿಯಿತು. ಅಂದಿನಿಂದ ತಪ್ಪದೇ ಮಾಡುತ್ತಿರುವುದಿಷ್ಟು: ಗೂಡಿನ ಅಡಿಯಲ್ಲಿ ನೀರು ಹೋಗುವ ಸಣ್ಣ ರಂಧ್ರವಿದ್ದರೆ ಅದು ಕಟ್ಟಿಕೊಳ್ಳದಂತೆ ನೋಡಿಕೊಳ್ಳುತ್ತೇನೆ. ಮಳೆಗಾಲಕ್ಕೆ ಮುಂಚೆ ಎಲ್ಲವನ್ನೂ ಬಿಚ್ಚಿ, ಒಳಗೆ ಪೂರ್ತಿ ಒಣಗಿಸಿ, ಬಣ್ಣದ ಅಂಗಡಿಯಲ್ಲಿ ಸಿಗುವ ಬೇಯಿಸಿದ ಅಗಸೆ ಎಣ್ಣೆಯನ್ನು ಪೈಪುಗಳಿಗೆ ಸುರಿದು, ಫ್ರೇಮನ್ನು ಎಲ್ಲ ಮಗ್ಗುಲಿಗೂ ಹೊರಳಿಸಿ, ಮಿಕ್ಕಿದ್ದನ್ನು ಬಸಿದು, ಕೆಲವು ದಿನ ಒಣಗಲು ಬಿಡುತ್ತೇನೆ. ಒಳಗೆ ತೆಳುವಾದ ಪದರ ಕೂರುತ್ತದೆ. ದಯವಿಟ್ಟು ಒಂದು ಮಾತು ಮರೆಯಬೇಡಿ: ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಅದು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಬಯಲಿನಲ್ಲಿ ಹರವಿ ಒಣಗಿಸಿ.

ಅಲ್ಯೂಮಿನಿಯಂ ಕರಾವಳಿಯಲ್ಲಿ ಪೂರ್ತಿ ಕ್ಷೇಮ ಎನ್ನುವ ನಂಬಿಕೆಯೂ ಸರಿಯಲ್ಲ. ಉಪ್ಪುನೀರಿನಲ್ಲಿ ಅದು ಉಕ್ಕಿನ ಪಕ್ಕ ಕುಳಿತರೆ ಸವೆಯುವುದು ಅಲ್ಯೂಮಿನಿಯಮ್ಮೇ. ಬೋಲ್ಟಿನ ಸುತ್ತ, ಸ್ಟೀಲ್ ಸೀಟು ಕಂಬದ ಸುತ್ತ ಬಿಳಿ ಪುಡಿ ಕಟ್ಟುತ್ತದೆ. ಆ ಪುಡಿ ಉಬ್ಬಿಕೊಂಡು ಕಂಬವನ್ನು ಕಚ್ಚಿ ಹಿಡಿದರೆ ಬಿಡಿಸುವಾಗ ಫ್ರೇಮೇ ಹಾಳಾಗುತ್ತದೆ. ಯಾವ ಲೋಹವಾದರೂ ಎರಡು ತಿಂಗಳಿಗೊಮ್ಮೆ ಸೀಟು ಕಂಬ ಹೊರತೆಗೆದು ಒರೆಸಿ, ಗ್ರೀಸ್ ಹಚ್ಚಿ ಹಾಕಿ. ಕಡಲತೀರದ ಬಳಿ ಆಡಿದ ದಿನ ಸಿಹಿನೀರಿನಲ್ಲಿ ತೊಳೆದು ಒರೆಸಿಯೇ ಮಲಗಿ.

ಲೋಹದಷ್ಟೇ ಮುಖ್ಯವಾದ ಬೇರೆ ಸಂಗತಿಗಳಿವೆ. ಗೇರ್ ಬಿಚ್ಚಿ ಒಂದೇ ಹಲ್ಲುಚಕ್ರ ಹಾಕುವಾಗ ಚೈನಿನ ಬಿಗಿತ ಹೊಂದಿಸಲು ಹಿಂದಿನ ಗಾಲಿ ಹಿಂದೆ ಮುಂದೆ ಸರಿಯಬೇಕು. ಎಷ್ಟೋ ಹಳೆಯ ಸ್ಟೀಲ್ ಫ್ರೇಮುಗಳಲ್ಲಿ ಅದಕ್ಕೆ ಅಡ್ಡಸೀಳು ಇರುತ್ತದೆ. ಈಗಿನ ಅಲ್ಯೂಮಿನಿಯಂ ಎಂಟಿಬಿಗಳಲ್ಲಿ (ಗುಡ್ಡಗಾಡಿಗೆಂದು ಮಾಡಿದ ಸೈಕಲ್ಲುಗಳಲ್ಲಿ) ಸೀಳು ಸಾಮಾನ್ಯವಾಗಿ ನೇರ ಕೆಳಮುಖ, ಚೈನು ಬಿಗಿಹಿಡಿಯುವ ಬೇರೊಂದು ಉಪಕರಣ ಹಾಕಬೇಕು, ಬಿದ್ದಾಗ ಮೊದಲು ಮುರಿಯುವುದೂ ಅದೇ. ಮುಂದಿನ 44 ಹಲ್ಲು, ಹಿಂದಿನ 18 ಹಲ್ಲಿನ ನಮ್ಮ ಊರ ಸೈಕಲ್ಲಿನ ಲೆಕ್ಕ ಪೋಲೋಗೆ ತೀರಾ ಭಾರ. 26 ಅಂಗುಲದ ಗಾಲಿಗೆ ಮುಂದಿನದು ಹಿಂದಿನದರ ಒಂದೂಕಾಲರಿಂದ ಒಂದೂವರೆ ಪಟ್ಟು ಇದ್ದರೆ ಸಾಕು. ಸ್ಪ್ರಿಂಗ್ ಇರುವ ಮುಂದಿನ ಫೋರ್ಕ್ ಬ್ರೇಕ್ ಹಿಡಿದಾಗ ಮುಳುಗಿ ತಿರುವು ಕೆಡಿಸುತ್ತದೆ, ಗಟ್ಟಿ ಫೋರ್ಕ್ ಹಾಕಿಸಿ. ಆದರೆ ಉದ್ದ ಅಳೆಯಿರಿ: ಫೋರ್ಕ್ 20 ಮಿಲಿಮೀಟರ್ ಗಿಡ್ಡವಾದರೆ ಹ್ಯಾಂಡಲ್ ಕೋನ ಸುಮಾರು ಒಂದು ಡಿಗ್ರಿ ಕಡಿದಾಗುತ್ತದೆ, ಪೆಡಲ್ ನೆಲಕ್ಕೆ ಹತ್ತಿರವಾಗುತ್ತದೆ. ಬಲಗೈಯಲ್ಲಿ ಮ್ಯಾಲೆಟ್ ಹಿಡಿಯುವವರು ಮುಂದಿನ ಬ್ರೇಕಿನ ಕೇಬಲ್ಲನ್ನು ಎಡಗೈಗೆ ಬದಲಿಸಿಕೊಳ್ಳಿ. ನಮ್ಮಲ್ಲಿ ಅದು ಬಲಕ್ಕೇ ಬರುವುದು ವಾಡಿಕೆ.

ಈಗಾಗಲೇ ಯಾರ ಬಳಿಯಾದರೂ ಅಲ್ಯೂಮಿನಿಯಂ ಸೈಕಲ್ ಇದ್ದರೆ ಅದನ್ನು ಮಾರಬೇಕಾಗಿಲ್ಲ. ಅದರ ಮೇಲೇ ಆಡಿ, ತಿಂಗಳಿಗೊಮ್ಮೆ ಸೀಮೆಎಣ್ಣೆ, ಸೀಮೆಸುಣ್ಣದ ಪರೀಕ್ಷೆ ಮಾಡಿ, ನೆಗ್ಗು ಆಳವಾಗಿ ಬಿದ್ದರೆ ನಿಲ್ಲಿಸಿ. ಅದೇ ಸೈಕಲ್ಲಿನಲ್ಲಿ ದೇವಿಮನೆ ಘಾಟಿ ಹತ್ತುವವರಿಗೂ ಹಗುರದ ಫ್ರೇಮಿನ ಲಾಭ ಇದ್ದೇ ಇದೆ. ಎಣ್ಣೆ ಹಾಕುವ ವ್ಯವಧಾನ ತಮಗಿಲ್ಲ ಎಂದು ಖಚಿತವಾಗಿ ಗೊತ್ತಿರುವವರಿಗೂ ಅಲ್ಯೂಮಿನಿಯಮ್ಮೇ ವಾಸಿ.

ಹೊಸದಾಗಿ ಕೊಳ್ಳುವ ನಿಮಗೆ ನನ್ನ ಸಲಹೆ ಇದು: ಹಳೆಯ 26 ಅಂಗುಲದ, ಸ್ಪ್ರಿಂಗ್ ಇಲ್ಲದ ಸ್ಟೀಲ್ ಎಂಟಿಬಿ ಹುಡುಕಿ. ಪೈಪಿನ ಮೇಲೆ 4130 ಅಥವಾ ಕ್ರೋಮೋಲಿ (ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ ಉಕ್ಕು) ಎಂದು ಬರೆದಿದ್ದರೆ ಅದೃಷ್ಟ, ಅದು ಗಟ್ಟಿಯೂ ಹೌದು, ಹಗುರವೂ ಹೌದು. ಸಾಮಾನ್ಯ ಸ್ಟೀಲ್ ಆದರೂ ಮೊದಲ ವರ್ಷಕ್ಕೆ ಧಾರಾಳವಾಯಿತು. ಉಳಿದ ಹಣವನ್ನು ಹೆಲ್ಮೆಟ್, ಕೈಗವಸು, ಒಳ್ಳೆಯ ಬ್ರೇಕ್ ರಬ್ಬರುಗಳಿಗೆ ಹಾಕಿ. ನೋಡಲು ಹೋಗುವಾಗ ಒಂದು ಅಲೆನ್ ಕೀ, ಒಂದು ಸ್ಪ್ಯಾನರ್ ಜೇಬಿನಲ್ಲಿರಲಿ. ಪೆಡಲ್ ಗೂಡಿನ ಅಡಿಯನ್ನು ಬೆರಳಿನಿಂದ ಒತ್ತಿ ನೋಡಿ, ಬಣ್ಣ ಗುಳ್ಳೆಯೆದ್ದು ಪುಡಿಯಾದರೆ ಬಿಟ್ಟುಬಿಡಿ. ಆಮೇಲೆ ಸೀಟು ಕಂಬವನ್ನು ಸಡಿಲಿಸಿ ಎಳೆಯಿರಿ. ಅದು ಕದಲದಿದ್ದರೆ, ಮಾರುವವರು ಎಷ್ಟೇ ಬೆಲೆ ಇಳಿಸಿದರೂ ಹಣ ಕೊಡಬೇಡಿ.